ಮುಲುಂಡಿಗೂ ಮಂಡ್ಯಕ್ಕೂ ಒಂದೇ ಸಿಗ್ನಲ್: ಡಿಶ್ಶಿನಿಂದ ಏರ್‌ಫೈಬರ್‌ವರೆಗೆ

2007ರಲ್ಲಿ ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಮನೆಗೆ ಡಿಶ್ ಕೂರಿಸಲು ಬಂದ ಹುಡುಗ, ಚಪ್ಪಲಿ ಬಿಟ್ಟವನೇ ಜೇಬಿನಿಂದ ದಿಕ್ಸೂಚಿ ತೆಗೆದು ಕಿಟಕಿಯ ಗ್ರಿಲ್ಲಿನ ಹತ್ತಿರ ಹೋಗಿ ನಿಂತ. ಅವನಿಗೆ ಬೇಕಾಗಿದ್ದದ್ದು ದಕ್ಷಿಣದ, ಸ್ವಲ್ಪ ಪೂರ್ವಕ್ಕೆ ವಾಲಿದ ಆಕಾಶ. ನಮ್ಮ ಕಿಟಕಿ ಆ ಕಡೆಗೇ ಇತ್ತು. ಎದುರು ಮನೆಯ ಶೆಟ್ರದ್ದು ಉತ್ತರದ ಕಿಟಕಿ. ಟೆರೇಸಿನ ಮೇಲೆ ಹಾಕಿಸುತ್ತೇನೆಂದು ಅವರು ಎರಡು ಸಲ ಅರ್ಜಿ ಕೊಟ್ಟರು, ಸೊಸೈಟಿ ಒಪ್ಪಲಿಲ್ಲ. ಹಾಗಾಗಿ ರಾತ್ರಿ ಕನ್ನಡ ಧಾರಾವಾಹಿಯ ಹೊತ್ತಿಗೆ ಶೆಟ್ರ ಮನೆಯವರೆಲ್ಲ ನಮ್ಮ ಹಾಲ್‌ನಲ್ಲಿ ಇರುತ್ತಿದ್ದರು.

ದಿಕ್ಕಿನ ಈ ಲೆಕ್ಕ ಸರಳ. ಟಿವಿ ಉಪಗ್ರಹಗಳು ಸಮಭಾಜಕ ರೇಖೆಯ ನೇರ ಮೇಲೆ, ಸುಮಾರು 36,000 ಕಿ.ಮೀ. ಎತ್ತರದಲ್ಲಿ, ಭೂಮಿ ತಿರುಗಿದಷ್ಟೇ ವೇಗದಲ್ಲಿ ತಿರುಗುತ್ತವೆ. ಮುಂಬೈ ಆ ರೇಖೆಗಿಂತ 19 ಡಿಗ್ರಿ ಉತ್ತರಕ್ಕಿದೆ. ಆಗ ಟಾಟಾ ಸ್ಕೈ ಬಳಸುತ್ತಿದ್ದ ಇನ್‌ಸ್ಯಾಟ್-4ಎ ಇದ್ದದ್ದು 83 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಮುಂಬೈ ಇರುವುದು 73ರ ಆಸುಪಾಸಿನಲ್ಲಿ. ಅದಕ್ಕೇ ದಕ್ಷಿಣಕ್ಕೆ ಮುಖ, ಪೂರ್ವಕ್ಕೊಂದು ವಾಲು.

ಅದಕ್ಕೂ ಮೊದಲು ಮುಂಬೈ ಕನ್ನಡಿಗರ ಮನೆಯ ಟಿವಿಯಲ್ಲಿ ಕನ್ನಡ ಅಪರೂಪ. ಮುಂಬೈ ದೂರದರ್ಶನ 1972ರಲ್ಲಿ ಶುರುವಾಯಿತು. ಅದರ ಭಾಷೆ ಮರಾಠಿ, ಹಿಂದಿ, ಗುಜರಾತಿ. ಎಂಬತ್ತರ ದಶಕದಲ್ಲಿ ಭಾನುವಾರ ಮಧ್ಯಾಹ್ನದ ಪ್ರಾದೇಶಿಕ ಸಿನಿಮಾದಲ್ಲಿ ಕನ್ನಡದ ಸರದಿ ಬರಲಿ ಎಂದು ತಿಂಗಳುಗಟ್ಟಲೆ ಕಾಯುತ್ತಿದ್ದೆವು. 1991ರ ಕೊಲ್ಲಿ ಯುದ್ಧದ ನಂತರ ಕೇಬಲ್ ಗಲ್ಲಿಗಲ್ಲಿಗೆ ಬಂತು. 1994ರಲ್ಲಿ ಉದಯ ಟಿವಿ ಶುರುವಾದಾಗ ಊರಿನಿಂದ ಬಂದವರೆಲ್ಲ ಅದರ ಸುದ್ದಿಯನ್ನೇ ಹೇಳುತ್ತಿದ್ದರು. ನಮ್ಮ ಕೇಬಲ್‌ನವನನ್ನು ಕೇಳಿದರೆ, ‘ನಿಮ್ಮದು ಹತ್ತು ಮನೆ, ಇರುವ ಜಾಗದಲ್ಲಿ ಯಾವ ಚಾನೆಲ್ ತೆಗೆದು ಹಾಕಲಿ?’ ಎಂದ. ಅನಲಾಗ್ ಕೇಬಲ್ಲಿನಲ್ಲಿ ಹಿಡಿಸುವ ಚಾನೆಲ್ಲುಗಳಿಗೆ ಮಿತಿಯಿತ್ತು ಎಂಬುದು ನಿಜ. ಆದರೆ ಆ ಮಿತಿಯ ಭಾರ ಯಾವಾಗಲೂ ನಮ್ಮಂಥ ಹತ್ತು ಮನೆಗಳ ಮೇಲೇ ಬೀಳುತ್ತಿತ್ತು.

ನೇರವಾಗಿ ಮನೆಗೇ ಬರುವ ಡಿಟಿಎಚ್‌ಗೆ ಸರ್ಕಾರ 1997ರಲ್ಲಿ ತಡೆ ಹಾಕಿತ್ತು. 2000ದ ನವೆಂಬರ್‌ನಲ್ಲಿ ಅದು ತೆರವಾಯಿತು. 2003ರಲ್ಲಿ ಡಿಶ್ ಟಿವಿ, 2006ರಲ್ಲಿ ಟಾಟಾ ಸ್ಕೈ, 2008ರಲ್ಲಿ ಏರ್‌ಟೆಲ್ ಬಂದವು. ನನ್ನ ಮಟ್ಟಿಗೆ ಇದು ದೊಡ್ಡ ಬದಲಾವಣೆ. ಉಪಗ್ರಹದ ಕಿರಣ ದೇಶದ ಮೇಲೆಲ್ಲ ಒಂದೇ ಸಮ ಬೀಳುತ್ತದೆ. ಮುಂಬೈಯ ಮುಲುಂಡಿಗೂ ಮಂಡ್ಯಕ್ಕೂ ಅದೇ ಸಿಗ್ನಲ್. ಕನ್ನಡ ಬೇಕು ಎಂದು ಗಲ್ಲಿಯಲ್ಲಿ ಯಾರ ಹತ್ತಿರವೂ ಕೇಳಿಕೊಳ್ಳಬೇಕಾಗಿರಲಿಲ್ಲ, ದುಡ್ಡು ಕಟ್ಟಿದರೆ ಸಾಕಿತ್ತು.

ತೊಂದರೆ ಮಳೆಗಾಲದ್ದು. ಡಿಟಿಎಚ್ ಬಳಸುವ ಕೆಯು ಬ್ಯಾಂಡಿನ ಅಲೆಗಳ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ಇಷ್ಟು ಗಿಡ್ಡ ಅಲೆಗಳನ್ನು ದಪ್ಪ ಮಳೆಹನಿಗಳು ಹೀರಿಕೊಳ್ಳುತ್ತವೆ, ಚದುರಿಸುತ್ತವೆ. ಜುಲೈನ ರಾತ್ರಿ ಚಿತ್ರ ಮೊದಲು ಚೌಕ ಚೌಕವಾಗಿ ಒಡೆಯುತ್ತಿತ್ತು, ಆಮೇಲೆ ಮಾತು ನಿಲ್ಲುತ್ತಿತ್ತು, ಕೊನೆಗೆ ನೀಲಿ ಪರದೆ. ಅಮ್ಮ ಕೊಡೆಯ ಹಿಡಿಯಿಂದ ಡಿಶ್ಶನ್ನು ಮೆಲ್ಲಗೆ ತಟ್ಟಿ ನೋಡುತ್ತಿದ್ದಳು.

ಪೆಟ್ಟು ಬಿದ್ದದ್ದು ಮಾತ್ರ ಬೇರೆ ಕಡೆಯಿಂದ. 2015ರಲ್ಲಿ ಫೋನಿನಲ್ಲೇ ಟಿವಿ ತೋರಿಸುವ ಹಾಟ್‌ಸ್ಟಾರ್ ಆ್ಯಪ್ ಬಂತು, 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. 2019ರ ಫೆಬ್ರುವರಿಯಿಂದ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್‌ನ ಹೊಸ ದರ ನೀತಿ ಜಾರಿಯಾಗಿ, ಚಾನೆಲ್ಲುಗಳನ್ನು ಒಂದೊಂದಾಗಿ ಆರಿಸಿ ದುಡ್ಡು ಕೊಡುವ ಪದ್ಧತಿ ಬಂತು. ಮಹಾರಾಷ್ಟ್ರದ ಪ್ಯಾಕಿನ ಮೇಲೆ ಕನ್ನಡವನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕಾದ ನಮ್ಮಂಥವರಿಗೆ ಬಿಲ್ಲು ಇಳಿಯಲೇ ಇಲ್ಲ. ಆ ವರ್ಷ ಏಳು ಕೋಟಿ ದಾಟಿದ್ದ ಡಿಟಿಎಚ್ ಚಂದಾದಾರರು ಈಗ ಆರು ಕೋಟಿಗಿಂತ ಕಡಿಮೆ.

ಕಂಪನಿಗಳು ಸುಮ್ಮನೆ ಕೂರಲಿಲ್ಲ. 2019ರಲ್ಲೇ ಇಂಟರ್‌ನೆಟ್ ಮೂಲಕ ನೋಡುವ ಸೇವೆಗಳನ್ನು ತಂದವು: ಟಾಟಾ ಸ್ಕೈ ‘ಬಿಂಜ್’, ಡಿಶ್ ಟಿವಿ ‘ವಾಚೋ’, ಏರ್‌ಟೆಲ್ ‘ಎಕ್ಸ್‌ಸ್ಟ್ರೀಮ್’. 2022ರ ಜನವರಿಯಲ್ಲಿ ಟಾಟಾ ಸ್ಕೈ ಹೆಸರಿನಿಂದ ಆಕಾಶವೇ ಹೋಗಿ ಟಾಟಾ ಪ್ಲೇ ಆಯಿತು. ಆದರೆ ಡಿಶ್ಶಿಗೆ ಕೇಳಿಸಿಕೊಳ್ಳುವುದು ಗೊತ್ತು, ಮಾತಾಡುವುದು ಗೊತ್ತಿಲ್ಲ. ಮೇಲಿನಿಂದ ಬಂದದ್ದನ್ನು ಹಿಡಿಯುತ್ತದೆ ಅಷ್ಟೇ. ‘ನನಗೆ ನಿನ್ನೆಯ ಸಂಚಿಕೆ ಬೇಕು’ ಎಂದು ವಾಪಸ್ ಹೇಳಲು ಅದಕ್ಕೆ ದಾರಿಯಿಲ್ಲ. ಸ್ಟ್ರೀಮಿಂಗ್‌ಗೆ ಹೋಗುವ, ಬರುವ ಎರಡೂ ದಾರಿ ಬೇಕು. ಅದು ಫೈಬರ್ ಆಗಬೇಕು, ಇಲ್ಲವೇ ವೈರ್‌ಲೆಸ್. ಟಾಟಾ ಫೈಬರ್ ಎಳೆಯಿತು. ವೈರ್‌ಲೆಸ್‌ಗೆ ಸ್ಪೆಕ್ಟ್ರಮ್, ಅಂದರೆ ರೇಡಿಯೋ ಅಲೆಗಳನ್ನು ಬಳಸುವ ಹಕ್ಕು, ಬೇಕು. ಡಿಟಿಎಚ್ ನಡೆಸುವವರ ಪೈಕಿ ಅದು ಇದ್ದದ್ದು ಏರ್‌ಟೆಲ್ ಹತ್ತಿರ ಮಾತ್ರ.

ಅಮೆರಿಕದ ಡಿಶ್ ನೆಟ್‌ವರ್ಕ್ (ನಮ್ಮ ಡಿಶ್ ಟಿವಿಗೂ ಅದಕ್ಕೂ ಸಂಬಂಧವಿಲ್ಲ) ಇದೇ ದಾರಿಯಲ್ಲಿ ಮೊದಲೇ ನಡೆದು ನೋಡಿತ್ತು. 2015ರಲ್ಲಿ ಇಂಟರ್‌ನೆಟ್‌ನಲ್ಲಿ ನೋಡುವ ಸ್ಲಿಂಗ್ ಟಿವಿ, 2020ರಲ್ಲಿ ಬೂಸ್ಟ್ ಮೊಬೈಲ್ ಖರೀದಿ, ವರ್ಷಗಳ ಕಾಲ ಸ್ಪೆಕ್ಟ್ರಮ್ ಶೇಖರಣೆ. ಕೊನೆಗೆ 2025ರಲ್ಲಿ ಅದರ ಒಡೆಯ ಕಂಪನಿ ಎಕೋಸ್ಟಾರ್ ಆ ಸ್ಪೆಕ್ಟ್ರಮ್ಮಿನ ದೊಡ್ಡ ಭಾಗವನ್ನು ಸುಮಾರು 2,300 ಕೋಟಿ ಡಾಲರಿಗೆ ಎಟಿ ಅಂಡ್ ಟಿಗೆ ಮಾರಲು ಒಪ್ಪಿತು. ಅಲ್ಲಿ ಟಿವಿ ಕಂಪನಿ ಮೊಬೈಲಿಗೆ ಹೋಗಲು ಹೆಣಗಿತು. ಇಲ್ಲಿ ಮೊಬೈಲ್ ಕಂಪನಿಗಳೇ ಟಿವಿಯ ಜಾಗಕ್ಕೆ ಬಂದಿವೆ. 2023ರ ಆಗಸ್ಟ್‌ನಲ್ಲಿ ಏರ್‌ಟೆಲ್, 5ಜಿ ಸಿಗ್ನಲ್ ಹಿಡಿದು ಮನೆಗೆ ವೈರಿಲ್ಲದೆ ಇಂಟರ್‌ನೆಟ್ ಕೊಡುವ ತನ್ನ ಏರ್‌ಫೈಬರನ್ನು ದೆಹಲಿ, ಮುಂಬೈಗಳಲ್ಲಿ ಶುರು ಮಾಡಿತು. ಮರು ತಿಂಗಳು ಮುಂಬೈ, ಪುಣೆ ಸೇರಿ ಎಂಟು ನಗರಗಳಿಗೆ ಜಿಯೋದ್ದು ಬಂತು. ಏರ್‌ಟೆಲ್‌ನ ಡಿಟಿಎಚ್ಚನ್ನೂ ಟಾಟಾ ಪ್ಲೇಯನ್ನೂ ಒಂದುಗೂಡಿಸುವ ಮಾತುಕತೆ 2025ರ ಮೇ ತಿಂಗಳಲ್ಲಿ ಮುರಿದುಬಿತ್ತು.

ವೈರ್‌ಲೆಸ್ ಒಳ್ಳೆಯದೇ. ಹೆಚ್ಚಾಗಿ ಬಳಸುವ 5ಜಿ ಅಲೆಗಳು ಡಿಟಿಎಚ್‌ನವಕ್ಕಿಂತ ಉದ್ದ, ಮಳೆಗೆ ಅಷ್ಟು ಬೆದರುವುದಿಲ್ಲ. ನನಗೆ ಆತಂಕ ಬೇರೆ. ಈಗ ಮತ್ತೆ ಗಲ್ಲಿಯ ಲೆಕ್ಕ ಬಂದಿದೆ: ಟವರ್ ಹತ್ತಿರವಿದ್ದ ಗಲ್ಲಿಗೆ ಸಿಗ್ನಲ್, ಇಲ್ಲದ್ದಕ್ಕೆ ಇಲ್ಲ. ಆ್ಯಪ್‌ಗಳಲ್ಲಿ ಕನ್ನಡವೂ ಹಂಚಿಹೋಗಿದೆ. ಕಲರ್ಸ್ ಕನ್ನಡ ಮತ್ತು ಸುವರ್ಣ ಜಿಯೋಹಾಟ್‌ಸ್ಟಾರ್‌ನಲ್ಲಿ, ಜೀ ಕನ್ನಡ ಜೀ5ನಲ್ಲಿ, ಉದಯ ಸನ್ ನೆಕ್ಸ್ಟ್‌ನಲ್ಲಿ. ಚಾನೆಲ್ ನಂಬರುಗಳನ್ನು ಬಾಯಿಪಾಠ ಮಾಡಿಕೊಂಡಿದ್ದ ಅಮ್ಮ ಈಗ ರಿಮೋಟನ್ನು ನನ್ನ ಕೈಗೆ ಕೊಟ್ಟು, ‘ಇದರಲ್ಲಿ ನಂಬರ್ ಎಲ್ಲಿದೆ ಮಗಾ?’ ಎನ್ನುತ್ತಾಳೆ. ಮೂರು ಆ್ಯಪ್‌ಗಳ ಕನ್ನಡವನ್ನು ಒಂದೇ ಸಾಲಿನಲ್ಲಿ, ನಂಬರ್ ಸಮೇತ, ರಿಮೋಟಿನಿಂದಲೇ ಸಿಗುವಂತೆ ಮಾಡುವುದು ಈ ಕಂಪನಿಗಳಿಗೆ ಕಷ್ಟದ ಕೆಲಸವಲ್ಲ. ಅದನ್ನು ನಾವು ಕೇಳಬೇಕು, ಪ್ರತಿ ರಿಚಾರ್ಜಿನಲ್ಲೂ ಕೇಳಬೇಕು.

ಕಳೆದ ಮಳೆಗಾಲದಲ್ಲಿ ಶೆಟ್ರ ಮನೆಗೆ ಏರ್‌ಫೈಬರ್ ಹಾಕಲು ಬಂದವನ ಕೈಯಲ್ಲಿ ದಿಕ್ಸೂಚಿ ಇರಲಿಲ್ಲ, ಫೋನ್ ಇತ್ತು. ಮನೆಯೆಲ್ಲ ಸುತ್ತಿ, ಟವರ್ ಉತ್ತರಕ್ಕಿದೆ ಎಂದು ಅಡುಗೆಮನೆಯ ಕಿಟಕಿಗೇ ಬಿಳಿ ಪೆಟ್ಟಿಗೆ ಬಿಗಿದ. ಆ ರಾತ್ರಿ ಧಾರಾವಾಹಿ ನೋಡಲು ಅಮ್ಮ ಎದುರು ಮನೆಗೆ ಹೋದಳು.