ಟೊಮೆಟೊ ಯಾರದು?

ಸುದ್ದಿಮನೆಯಲ್ಲಿ ಕೂತು ಬೇರೆಯವರು ಬರೆದದ್ದನ್ನು ತಿದ್ದುತ್ತಾ 26 ವರ್ಷವಾಯಿತು. ಕಾಗುಣಿತದ ತಪ್ಪಿಗೆ ಈಗ ಅಷ್ಟು ಸಿಟ್ಟು ಬರುವುದಿಲ್ಲ. ‘ಶುಭಾಷಯ’ ಎಂದು ಬ್ಯಾನರ್ ಕಟ್ಟಿದರೂ ಹಾರೈಕೆ ತಲುಪುತ್ತದೆ. ‘ತನ್ನ’, ‘ತಮ್ಮ’ ಬರಬೇಕಾದ ಕಡೆ ‘ಅವನ’, ‘ಅವರ’ ಬಂದರೆ ಮಾತ್ರ ಸುಮ್ಮನಿರಲಾಗುವುದಿಲ್ಲ, ಏಕೆಂದರೆ ಅಲ್ಲಿ ಸಂಗತಿಯೇ ಬದಲಾಗುತ್ತದೆ.

ಒಂದು ರಾತ್ರಿ ಕೋಲಾರದ ಕಡೆಯಿಂದ ವರದಿ ಬಂತು: ‘ವ್ಯಾಪಾರಿಯೊಂದಿಗೆ ಮಾತಿಗೆ ಮಾತು ಬೆಳೆದು, ರೈತರೊಬ್ಬರು ಅವರ ಟೊಮೆಟೊ ಬಾಕ್ಸ್‌ಗಳನ್ನು ರಸ್ತೆಗೆ ಸುರಿದರು.’ ಯಾರ ಟೊಮೆಟೊ? ವ್ಯಾಪಾರಿಯದಾದರೆ ಅದು ಪೊಲೀಸ್ ಕೇಸು. ವರದಿಗಾರನಿಗೆ ಫೋನ್ ಮಾಡಿದೆ. ಹೊಸ ಹುಡುಗ, ಹಳ್ಳಿಯಲ್ಲೇ ಬೆಳೆದವನು. ‘ಇಲ್ಲ ಸಾರ್, ರೇಟು ಬಿದ್ದೋಗಿತ್ತು. ಹೊಟ್ಟೆ ಉರ್ಕೊಂಡು ತನ್ನ ಮಾಲು ತಾನೇ ಸುರಿದ್ಬಿಟ್ಟ’ ಅಂದ. ಬಾಯಲ್ಲಿ ಎಷ್ಟು ಸಲೀಸಾಗಿ ಬಂತು! ‘ಇದನ್ನೇ ಬರೆಯಬಾರದಿತ್ತೇನಪ್ಪಾ?’ ಎಂದೆ. ಒಂದೇ ಪದ ತಿದ್ದಿದೆವು. ಆ ರೈತನ ಮೇಲೆ ಬರಲಿದ್ದ ಅಪವಾದ ತಪ್ಪಿತು.

ಮೇಲಿನ ವಾಕ್ಯ ಇಂಗ್ಲಿಷಿನಲ್ಲಿದ್ದರೆ ‘ಹಿಸ್’ ಎಂಬ ಒಂದೇ ಪದ ರೈತನಿಗೂ ಸಲ್ಲುತ್ತದೆ, ವ್ಯಾಪಾರಿಗೂ ಸಲ್ಲುತ್ತದೆ. ಕನ್ನಡಕ್ಕೆ ಆ ತೊಡಕಿಲ್ಲ. ಕೆಲಸ ಮಾಡಿದವನದೇ ವಸ್ತುವಾದರೆ ‘ತನ್ನ’, ಬೇರೆಯವರದಾದರೆ ‘ಅವನ’. ಶಾಲೆಯಲ್ಲಿ ಆತ್ಮಾರ್ಥಕ ಸರ್ವನಾಮ ಎಂದು ಕಲಿತದ್ದು ಇದನ್ನೇ. ಇಂಗ್ಲಿಷ್ ಪ್ರತಿ ಎದುರಿಗಿಟ್ಟುಕೊಂಡು, ಈಗೀಗ ಯಂತ್ರಾನುವಾದ ನೆಚ್ಚಿಕೊಂಡು ಬರೆಯುವವರು ಈ ಸೌಕರ್ಯವನ್ನೇ ಕೈಬಿಡುತ್ತಿದ್ದಾರೆ. ‘ತಾನು ಕಳ್ಳ ಪರರ ನಂಬ’ ಎಂಬ ಗಾದೆಯಲ್ಲಿ ‘ಅವನು’ ಎಂದು ಹಾಕಿ ನೋಡಿ. ಕಳ್ಳ ಇನ್ಯಾರೋ ಆಗುತ್ತಾನೆ.

ಇನ್ನೊಬ್ಬರ ಮಾತನ್ನು ವರದಿ ಮಾಡುವಾಗಂತೂ ಇನ್ನೂ ಎಚ್ಚರ ಬೇಕು. ‘ತಾನು ಬರುವುದಿಲ್ಲ ಎಂದು ರವಿ ಹೇಳಿದ’ ಎಂದರೆ ಬಾರದವನು ರವಿ. ‘ಅವನು ಬರುವುದಿಲ್ಲ’ ಎಂದರೆ ಮತ್ತೊಬ್ಬ. ‘ನಾನು ಬರುವುದಿಲ್ಲ ಎಂದು ರವಿ ಹೇಳಿದ’ ಎಂದು ಉದ್ಧರಣ ಚಿಹ್ನೆಯಿಲ್ಲದೆ ಬರೆದರೆ? ಪತ್ರಿಕೆಯಲ್ಲಾದರೆ ರವಿ ಎಂದು ಊಹಿಸಿಕೊಳ್ಳಬಹುದು. ಪತ್ರದಲ್ಲಿದ್ದರೆ, ಬಾರದವನು ಪತ್ರ ಬರೆದವನೂ ಆಗಿರಬಹುದು. ‘ಎಂದು’ ಇದೆಯಲ್ಲ, ಚಿಹ್ನೆ ಯಾಕೆ ಎಂದು ಕೇಳುವವರಿಗೆ ನಾನು ಈ ವಾಕ್ಯವನ್ನೇ ತೋರಿಸುತ್ತೇನೆ.

ಹಾಗೆಂದು ‘ಅವರ’ ಕಂಡಲ್ಲೆಲ್ಲ ಹೊಡೆದುಹಾಕಬೇಡಿ. ಆಡುಮಾತಿನಲ್ಲಿ ‘ಅವನ ಮನೆ ಅವನೇ ಕಟ್ಟಿಕೊಂಡ’ ಎನ್ನುವವರಿದ್ದಾರೆ, ಅದನ್ನು ತಪ್ಪೆನ್ನಲಾರೆ. ‘ತಮ್ಮ’ ಕೂಡ ಕೆಲವೊಮ್ಮೆ ಕೈಕೊಡುತ್ತದೆ. ‘ಅರ್ಜಿದಾರರು ತಮ್ಮ ಕಚೇರಿಯಲ್ಲಿ ವಿಚಾರಿಸಿದ್ದಾರೆ’ ಎಂದು ಅಧಿಕಾರಿಗೆ ಬರೆದರೆ, ಅದು ಅರ್ಜಿದಾರರ ಕಚೇರಿಯೋ ಅಧಿಕಾರಿಯ ಕಚೇರಿಯೋ ತಿಳಿಯದು. ಅಂಥ ಕಡೆ ‘ನಿಮ್ಮ ಕಚೇರಿ’ ಎಂದೇ ಬರೆಯಿರಿ. ಅದರಲ್ಲಿ ಅಗೌರವವೇನೂ ಇಲ್ಲ.