ಎದುರಾಳಿ ಯಾಕೆ ರೇಟು ಇಳಿಸಿದ?

ಸಣ್ಣ ಉದ್ಯಮಿಗಳು ನನ್ನ ಹತ್ತಿರ ಬಂದು, "ನಮ್ಮ ಎದುರಾಳಿ ಕಂಪನಿ ಬಗ್ಗೆ ಎಲ್ಲಾ ಮಾಹಿತಿ ತೆಗೆದುಕೊಡಿ ಸಾರ್" ಅನ್ನುತ್ತಾರೆ. ಎಲ್ಲಾ ಮಾಹಿತಿ ಇಟ್ಕೊಂಡು ಏನು ಮಾಡ್ತೀರಿ ಎಂದು ನಾನು ಮೊದಲು ಕೇಳುತ್ತೇನೆ. ಯಾವ ನಿರ್ಧಾರಕ್ಕೆ ಬೇಕು ಅನ್ನುವುದು ಗೊತ್ತಿಲ್ಲದಿದ್ದರೆ ಸುಮ್ನೆ ಫೈಲು ದಪ್ಪ ಆಗುತ್ತದೆ.

ಪೀಣ್ಯದಲ್ಲಿ ಬಿಡಿಭಾಗ ತಯಾರಿಸುವವರು ಒಬ್ಬರಿದ್ದಾರೆ ಅಂದುಕೊಳ್ಳಿ. ಎದುರಾಳಿ ದಿಢೀರನೆ ರೇಟು ಇಳಿಸಿದ್ದಾನೆ. ನಾವೂ ಇಳಿಸಬೇಕಾ, ತಡೆದುಕೊಳ್ಳಬೇಕಾ? ಈಗ ಹುಡುಕಾಟಕ್ಕೆ ದಾರಿ ಸಿಕ್ಕಿತು.

ಎದುರಾಳಿಯದು ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಅದರ ಬ್ಯಾಲೆನ್ಸ್ ಶೀಟು ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಸಣ್ಣ ಶುಲ್ಕಕ್ಕೆ ಸಿಗುತ್ತದೆ. ಆದರೆ ಮಾರ್ಚ್ ಲೆಕ್ಕ ಅಲ್ಲಿಗೆ ಬರುವಷ್ಟರಲ್ಲಿ ಎಷ್ಟೋ ಸಲ ಅಕ್ಟೋಬರ್ ಆಗಿರುತ್ತದೆ. ಹಾಗಾಗಿ ನಾನು ಜಾಸ್ತಿ ನಂಬುವುದು ಚಾರ್ಜ್ ದಾಖಲೆಯನ್ನು. ಕಂಪನಿ ತನ್ನ ಆಸ್ತಿಯನ್ನು ಭದ್ರತೆಯಾಗಿಟ್ಟು ಸಾಲ ಪಡೆದರೆ, 2013ರ ಕಂಪನಿ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ 30 ದಿನದೊಳಗೆ ಆ ಭದ್ರತೆಯನ್ನು, ಅಂದರೆ ಚಾರ್ಜನ್ನು, ನೋಂದಾಯಿಸಬೇಕು. ಯಾವ ಬ್ಯಾಂಕು, ಎಷ್ಟು ಸಾಲ, ಯಾವುದರ ಮೇಲೆ ಅನ್ನುವುದೆಲ್ಲ ಅಲ್ಲಿರುತ್ತದೆ.

ಭದ್ರತೆಗೆ ಕೊಟ್ಟಿರುವುದು ಹೊಸ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಮೆಷಿನ್ನೋ? ಹಾಗಾದರೆ ಉತ್ಪಾದನೆ ಹೆಚ್ಚಿಸುತ್ತಿದ್ದಾನೆ, ಕಡಿಮೆ ರೇಟು ಬಹಳ ದಿನ ಉಳಿಯಬಹುದು. ಸ್ಟಾಕು ಮತ್ತು ಬರಬೇಕಾದ ಬಾಕಿಯ ಮೇಲೆ ಪದೇ ಪದೇ ಸಾಲದ ಮಿತಿ ಏರಿಸಿಕೊಂಡಿದ್ದಾನೋ? ಆಗ ಕೈಯಲ್ಲಿ ದುಡ್ಡಿಲ್ಲದೆ ಮಾಲು ಖಾಲಿ ಮಾಡುತ್ತಿರಬಹುದು. ಸ್ವಲ್ಪ ತಡೆದುಕೊಂಡರೆ ಒಳ್ಳೆಯದು. ಒಂದೇ ಕಾಗದ ನೋಡಿ ತೀರ್ಮಾನಕ್ಕೆ ಬರಬೇಡಿ. ಅವನು ಆಪರೇಟರ್‌ಗಳನ್ನು ಹುಡುಕುತ್ತಿದ್ದಾನಾ? ಇಬ್ಬರಿಗೂ ಕಚ್ಚಾಮಾಲು ಕೊಡುವವರು ಏನನ್ನುತ್ತಾರೆ? ಮೂರೂ ಒಂದೇ ಕಡೆ ತೋರಿಸಿದರೆ ಧೈರ್ಯ ಮಾಡಬಹುದು.

ದೊಡ್ಡ ಕಂಪನಿಗಳದ್ದೂ ಇದೇ ಕೆಲಸ. ಯಾವ ಕಂಪನಿಯ ಎಷ್ಟು ಎಲೆಕ್ಟ್ರಿಕ್ ಸ್ಕೂಟರ್ ನೋಂದಣಿಯಾದವು ಅನ್ನುವುದನ್ನು ವಾಹನ ನೋಂದಣಿಯ ಸರ್ಕಾರಿ ಜಾಲತಾಣ ವಾಹನ್ ಡ್ಯಾಶ್‌ಬೋರ್ಡ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಎಲೆಕ್ಟ್ರಿಕ್ ಸ್ಕೂಟರ್ ತಯಾರಿಸುವ ಬೆಂಗಳೂರಿನ ಏಥರ್ ಎನರ್ಜಿ ಷೇರು ಮಾರುಕಟ್ಟೆಗೆ ಬರಲು 2024ರಲ್ಲಿ ಆ ಮಾರುಕಟ್ಟೆಯ ನಿಯಂತ್ರಕ ಸೆಬಿಗೆ ಕರಡು ಪತ್ರ ಸಲ್ಲಿಸಿದಾಗ, ಮಹಾರಾಷ್ಟ್ರದಲ್ಲಿ ಹೊಸ ಕಾರ್ಖಾನೆ ಕಟ್ಟುವ ಯೋಜನೆಯನ್ನೂ ಅದರಲ್ಲಿ ಬರೆದಿತ್ತು. ಪೈಪೋಟಿಯಲ್ಲಿದ್ದವರೂ ಅದನ್ನು ಓದಬಹುದಿತ್ತು.

ಇಷ್ಟೆಲ್ಲ ತೆರೆದೇ ಇರುವಾಗ ಕಳ್ಳದಾರಿ ಯಾಕೆ? ಪ್ರಾಕ್ಟರ್ ಅಂಡ್ ಗ್ಯಾಂಬಲ್ ಪರವಾಗಿ ಕೆಲಸ ಮಾಡುತ್ತಿದ್ದವರು ಅಮೆರಿಕದಲ್ಲಿ ಯೂನಿಲಿವರ್‌ನ ಕಸ ಕೆದಕಿ ದಾಖಲೆ ತೆಗೆದದ್ದು 2001ರಲ್ಲಿ ಬಯಲಾಯಿತು. ಪ್ರಾಕ್ಟರ್ ಅಂಡ್ ಗ್ಯಾಂಬಲ್ ತಾನೇ ವಿಷಯ ತಿಳಿಸಿ, ರಾಜಿ ಮಾಡಿಕೊಳ್ಳಬೇಕಾಯಿತು.

ನಮ್ಮಲ್ಲಿ ಅದಕ್ಕಿಂತ ಹೆಚ್ಚು ಕಾಣುವುದು ಎದುರಾಳಿಗೇ ಫೋನ್ ಮಾಡಿ "ನಿಮ್ಮ ರೇಟೆಷ್ಟು, ನಾವೂ ಅಷ್ಟೇ ಹಾಕ್ತೀವಿ" ಅನ್ನುವ ಚಾಳಿ. ಹೀಗೆ ಮಾತಾಡಿಕೊಂಡು ರೇಟು ನಿಗದಿ ಮಾಡಿದರೆ ಅದು ಸ್ಪರ್ಧಾ ಕಾಯ್ದೆಯ ಉಲ್ಲಂಘನೆಯಾಗುತ್ತದೆ, ದಂಡವೂ ಭಾರೀ. ಎದುರಾಳಿ ಕಂಪನಿಯಿಂದ ಬಂದವರನ್ನು ಕೆಲಸಕ್ಕೆ ಸೇರಿಸಿಕೊಳ್ಳುವಾಗಲೂ ಅಷ್ಟೇ ಎಚ್ಚರ ಬೇಕು. ಅವರ ಕಸುಬು ನಿಮಗೆ ಬೇಕು, ಅವರ ಪೆನ್‌ಡ್ರೈವ್ ಬೇಡ. ಇದನ್ನು ಇಂಟರ್‌ವ್ಯೂನಲ್ಲೇ ಬಾಯಿಬಿಟ್ಟು ಹೇಳಿ, ಆಫರ್ ಲೆಟರಿನಲ್ಲೂ ಬರೆಯಿರಿ.