ಹೊಗೆಯೂ ಕಣವೇ ತಾನೇ, ಮಳೆ ಯಾಕೆ ಬರಲ್ಲ?

2017ರಲ್ಲಿ ಸರ್ಕಾರ ‘ವರ್ಷಧಾರೆ’ ಮೋಡ ಬಿತ್ತನೆ ಮಾಡಿಸಿದಾಗಿನಿಂದ ಈ ಪ್ರಶ್ನೆ ಬೆನ್ನು ಬಿಟ್ಟಿಲ್ಲ: “ವಿಮಾನದಿಂದ ಕಣ ಬಿಟ್ರೆ ಮಳೆಯಾಗುತ್ತೆ ಅಂತೀರಿ. ಬೆಂಗಳೂರಿನ ಹೊಗೆ ದಿನಾ ಪುಕ್ಕಟೆ ಮೇಲೆ ಹೋಗ್ತಿದೆಯಲ್ಲ ಸಾರ್?” ಚೆನ್ನಾಗಿ ಓದಿಕೊಂಡವರೂ ಕೇಳುತ್ತಾರೆ.

ನೀರಾವಿ ಹನಿಯಾಗಲು ಕೂರುವುದಕ್ಕೆ ಒಂದು ಕಣ ಬೇಕು, ಕಣವಿಲ್ಲದೆ ಮೋಡವಿಲ್ಲ, ಸರಿ. ಆದರೆ ಕಣ ಹೆಚ್ಚಾಯಿತೆಂದು ಮೋಡದ ನೀರು ಹೆಚ್ಚುವುದಿಲ್ಲ. ಇದ್ದಷ್ಟನ್ನೇ ಎಲ್ಲವೂ ಹಂಚಿಕೊಳ್ಳಬೇಕು. ಲೆಕ್ಕ ಹಾಕಿ ನೋಡಿ. ಒಂದು ಘನ ಮೀಟರ್ ಮೋಡದಲ್ಲಿ ಅರ್ಧ ಗ್ರಾಂ ನೀರಿದೆ ಎನ್ನಿ. ಶುಭ್ರ ಕಡಲ ಗಾಳಿಯಲ್ಲಿ ಘನ ಸೆಂಟಿಮೀಟರಿಗೆ ಸುಮಾರು 100 ಹನಿ, ಪ್ರತಿಯೊಂದರ ತ್ರಿಜ್ಯ 10 ಮೈಕ್ರಾನ್ ಚಿಲ್ಲರೆ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಹೊಗೆ ಬೆರೆತ ಗಾಳಿಯಲ್ಲಿ ಹನಿಗಳು 1000 ಆದರೆ ತ್ರಿಜ್ಯ 5ಕ್ಕೆ ಇಳಿಯುತ್ತದೆ. ಹತ್ತು ಎಲೆಗೆ ಮಾಡಿದ ಸಾರನ್ನು ನೂರು ಎಲೆಗೆ ಬಡಿಸಿದ ಹಾಗೆ. ಒಂದು ಮಿಲಿಮೀಟರ್ ತ್ರಿಜ್ಯದ ಮಳೆಹನಿಗೆ 10 ಮೈಕ್ರಾನಿನವು ಹತ್ತು ಲಕ್ಷ ಸಾಕು, 5 ಮೈಕ್ರಾನಿನವು ಎಂಬತ್ತು ಲಕ್ಷ ಬೇಕು. ಅವು ಕೂಡಿಕೊಳ್ಳುವುದೂ ಇಲ್ಲ: ಸೆಕೆಂಡಿಗೆ ಮೂರು ಮಿಲಿಮೀಟರ್ ಇಳಿಯುವ ಹನಿ ಪಕ್ಕದ ಹನಿಗೆ ಡಿಕ್ಕಿ ಹೊಡೆಯದೆ ಗಾಳಿಯ ಜೊತೆ ಬಳಸಿಕೊಂಡು ಹೋಗುತ್ತದೆ. ತ್ರಿಜ್ಯ 14 ಮೈಕ್ರಾನಿನ ಹತ್ತಿರ ಬರುವವರೆಗೆ ಮಳೆಯ ಮಾತೇ ಇಲ್ಲ.

ಬಿತ್ತನೆಯಲ್ಲಿ ಮೋಡದ ತಳದಲ್ಲಿ, ಗಾಳಿ ಮೇಲೇಳುವ ಕಡೆ, ಫ್ಲೇರ್ (ಉಪ್ಪು ತುಂಬಿದ, ಉರಿದು ಹೊಗೆಯುಗುಳುವ ಕೊಳವೆ) ಉರಿಸಿ ಉಪ್ಪಿನ ಕಣ ಬಿಡುತ್ತಾರೆ. ಅದರಲ್ಲಿ ಕೆಲಸಕ್ಕೆ ಬರುವುದು ಒಂದು ಮೈಕ್ರಾನಿಗಿಂತ ದಪ್ಪನೆಯವು. ಅವು ಮೊದಲೇ ನೀರು ಹೀರಿ ಊದಿಕೊಂಡು, ಸಣ್ಣವನ್ನು ನುಂಗುತ್ತಾ ಇಳಿಯುತ್ತವೆ. ಹೊಗೆಯ ಕಣ ಬಹುಪಾಲು ಮೈಕ್ರಾನಿನ ಹತ್ತನೇ ಒಂದು ಭಾಗ. ಫ್ಲೇರ್‌ನಲ್ಲೂ ಸಣ್ಣವೇ ಜಾಸ್ತಿಯಾದರೆ ಬಿತ್ತನೆ ಕೆಡುತ್ತದೆ. (ಪಿಎಂ 2.5, ಅಂದರೆ ಗಾಳಿಯಲ್ಲಿನ 2.5 ಮೈಕ್ರಾನಿಗಿಂತ ಸಣ್ಣ ಕಣಗಳ ಅಂಕಿ ಹಿಡಿದು ಮೋಡದ ಬಗ್ಗೆ ವಾದ ಮಾಡಬೇಡಿ. ಅದು ತೂಕ, ಎಣಿಕೆಯಲ್ಲ.)

ಮಸಿಯದ್ದು ಬೇರೆಯೇ ಕಾಟ. 1999ರ ಹಿಂದೂ ಮಹಾಸಾಗರ ಪ್ರಯೋಗದಲ್ಲಿ ಕಡಲ ಮೇಲೆ ಮೂರು ಕಿಲೋಮೀಟರ್ ದಪ್ಪದ ಕಂದು ಮಬ್ಬು ಕಂಡಿತು. ಮಸಿ ಬಿಸಿಲು ಹೀರಿ ತಾನಿರುವ ಪದರವನ್ನೇ ಕಾಯಿಸುತ್ತದೆ. ಕೆಳಗೆ ಕಡಲಿಗೆ ಬಿಸಿಲು ಕಡಿಮೆ, ಆವಿಯೂ ಕಡಿಮೆ.

ಹಾಗೆಂದು ‘ಹೊಗೆಯಿಂದ ಮಳೆ ನಿಂತಿತು’ ಎಂದೂ ಬರೆದುಕೊಳ್ಳಬೇಡಿ. ಎತ್ತರಕ್ಕೆ ಬೆಳೆಯುವ ಮುಂಗಾರು ಮೋಡದಲ್ಲಿ ಬೀಳದೆ ಉಳಿದ ಹನಿಗಳು ಸೊನ್ನೆ ಡಿಗ್ರಿಯ ಮಟ್ಟ ದಾಟಿ ಹೆಪ್ಪುಗಟ್ಟಿ, ಹಾಗೆ ಹೆಪ್ಪುಗಟ್ಟುವಾಗ ಹೊರಬೀಳುವ ಶಾಖದಿಂದ ಮೋಡ ಇನ್ನೂ ಉಬ್ಬಿ, ತಡವಾಗಿ ಜೋರಾಗಿ ಸುರಿಯಲೂಬಹುದು. ಎಷ್ಟರ ಮಟ್ಟಿಗೆ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ನಿಮ್ಮೂರಿಗೆ ಮಳೆ ಕೈಕೊಟ್ಟಿದ್ದು ಹೊಗೆಯಿಂದಲೇ ಎಂದು ಯಾರಾದರೂ ಹೇಳಿದರೆ, ಆ ಮೋಡದ ತುದಿ ಎಷ್ಟು ಎತ್ತರದಲ್ಲಿತ್ತು ಎಂದು ಮೊದಲು ಕೇಳಿ.